ದೇವರ ಹಂಗಿಲ್ಲದ ನೀತಿಯ ಬದುಕು: ಮಾನವತಾವಾದವನ್ನು ರೂಢಿಗೆ ತರುವ ಬಗೆ

ಧರ್ಮವನ್ನು ಬಿಟ್ಟವರು ಬಹುಮಟ್ಟಿಗೆ ಒಂದೇ ಜಾಗದಲ್ಲಿ ಎಡವುತ್ತಾರೆ. ಅಭಿಪ್ರಾಯ ಬದಲಾಗಿರುತ್ತದೆ, ವಾದ ಗಟ್ಟಿಯಾಗಿರುತ್ತದೆ, ಆದರೆ ದಿನಚರಿಗೆ ಹೊಸದೇನೂ ಸೇರಿರುವುದಿಲ್ಲ. ನಾಲ್ಕು ಜನರನ್ನು ತಪ್ಪದೆ ಸೇರುವುದು, ಗಳಿಕೆಯಲ್ಲಿ ಒಂದು ಪಾಲನ್ನು ಇನ್ನೊಬ್ಬರಿಗೆಂದು ತೆಗೆದಿಡುವುದು, ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಳ್ಳುವುದು, ಸಾವಿನ ಮನೆಯಲ್ಲಿ ಏನು ಮಾಡಬೇಕೆಂದು ತಿಳಿದಿರುವುದು, ಹೀಗೆ ಧರ್ಮ ಮಾಡಿಸುತ್ತಿದ್ದ ಕೆಲಸಗಳು ಸದ್ದಿಲ್ಲದೆ ನಿಂತುಹೋಗುತ್ತವೆ. ನಿಂತದ್ದು ಗೊತ್ತಾಗುವುದು ಕಷ್ಟ ಬಂದಾಗಲೇ. ಆ ಖಾಲಿ ಜಾಗಗಳನ್ನು ಯಾವುದರಿಂದ, ಹೇಗೆ ತುಂಬಬಹುದು ಎಂಬುದನ್ನು ಇಲ್ಲಿ ಹೇಳಿದ್ದೇವೆ.

ಮಾನವತಾವಾದ ಎಂದರೇನು ಎಂಬುದು ಮೊದಲು ಖಚಿತವಾಗಲಿ. ದೇವರಿಲ್ಲ ಎನ್ನುವುದು ಒಂದೇ ಒಂದು ಪ್ರಶ್ನೆಗೆ ಕೊಟ್ಟ ಉತ್ತರ. ಹೇಗೆ ಬದುಕಬೇಕು ಎಂಬುದು ಅದರಿಂದ ತಾನಾಗಿ ಹೊರಡುವುದಿಲ್ಲ. ನಾಸ್ತಿಕರಲ್ಲಿ ಕರುಣಾಳುಗಳೂ ಇದ್ದಾರೆ, ಕ್ರೂರಿಗಳೂ ಇದ್ದಾರೆ. ಮಾನವತಾವಾದ ಕೇಳುವುದು ಅದಕ್ಕಿಂತ ಹೆಚ್ಚು. 1952ರಲ್ಲಿ ಹಲವು ದೇಶಗಳ ಮಾನವತಾವಾದಿ ಸಂಘಟನೆಗಳು ಜೀವವಿಜ್ಞಾನಿ ಜೂಲಿಯನ್ ಹಕ್ಸ್‌ಲಿಯ ಅಧ್ಯಕ್ಷತೆಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿ ಒಂದು ಘೋಷಣೆ ಹೊರಡಿಸಿದವು. ಅದನ್ನು 2002ರಲ್ಲಿ ಒಮ್ಮೆ, 2022ರಲ್ಲಿ ಮತ್ತೊಮ್ಮೆ ಪರಿಷ್ಕರಿಸಿದರು. ಹೀಗೆ ತಿದ್ದಿದ್ದು ಗಮನಿಸಬೇಕಾದ ಸಂಗತಿ, ಏಕೆಂದರೆ ಇಲ್ಲಿ ಯಾರೂ ಮುಟ್ಟಬಾರದ ಗ್ರಂಥವಿಲ್ಲ. ಅದರ ತಿರುಳನ್ನು ದಿನಬಳಕೆಗೆ ಇಳಿಸಿದರೆ ಮೂರು ಮಾತು ಉಳಿಯುತ್ತವೆ. ಪ್ರತಿಯೊಬ್ಬ ಮನುಷ್ಯನಿಗೂ ಸ್ವಂತ ಬೆಲೆಯಿದೆ, ಯಾರೂ ಇನ್ನೊಬ್ಬರ ಉಪಕರಣವಲ್ಲ. ಲೋಕ ಹೇಗಿದೆ ಎಂದು ತಿಳಿಯಬೇಕಾದರೆ ಪುರಾವೆ ಮತ್ತು ವಿವೇಚನೆಯನ್ನೇ ನೆಚ್ಚಬೇಕು. ನಮ್ಮ ನಡತೆಯ ಹೊಣೆಯನ್ನು ನಾವೇ ಹೊರಬೇಕು, ಅದನ್ನು ವಿಧಿಯ ಮೇಲೋ ಕರ್ಮದ ಮೇಲೋ ದೈವೇಚ್ಛೆಯ ಮೇಲೋ ಹಾಕುವಂತಿಲ್ಲ.

ದೇವರ ಭಯವಿಲ್ಲದಿದ್ದರೆ ಒಳ್ಳೆಯವರಾಗಿ ಏಕಿರಬೇಕು ಎಂಬ ಪ್ರಶ್ನೆ ನಿಮಗೆ ಖಂಡಿತ ಎದುರಾಗುತ್ತದೆ. ಉತ್ತರಕ್ಕೆ ಹೆಚ್ಚು ಹುಡುಕಬೇಕಿಲ್ಲ. ದೇವರು ಮೆಚ್ಚಿದ್ದರಿಂದ ಒಂದು ಕೆಲಸ ಒಳ್ಳೆಯದಾಯಿತೇ, ಅಥವಾ ಒಳ್ಳೆಯದಾಗಿದ್ದರಿಂದ ದೇವರು ಮೆಚ್ಚಿದನೇ ಎಂಬ ಪ್ರಶ್ನೆಯನ್ನು ಸಾಕ್ರಟೀಸ್ ಸುಮಾರು 2400 ವರ್ಷಗಳ ಹಿಂದೆಯೇ ಎತ್ತಿದ್ದ. ಎರಡನೆಯದು ನಿಜವಾದರೆ ಒಳಿತಿಗೆ ತನ್ನದೇ ಕಾರಣಗಳಿವೆ, ಅವುಗಳನ್ನು ನಾವೂ ಹುಡುಕಬಹುದು. ಮೊದಲನೆಯದು ನಿಜವಾದರೆ, ಕ್ರೌರ್ಯವನ್ನು ಮೆಚ್ಚಿದರೆ ಕ್ರೌರ್ಯವೂ ಒಳ್ಳೆಯದೆನಿಸುತ್ತದೆ, ಅದನ್ನು ಆಸ್ತಿಕರೇ ಒಪ್ಪುವುದಿಲ್ಲ. ಈ ವಾದವನ್ನು ತಿಳಿದುಕೊಂಡು ಬದಿಗಿಡಿ. ವಾದ ಗೆದ್ದವರ ನಡತೆ ತಾನಾಗಿ ಸುಧಾರಿಸುವುದಿಲ್ಲ.

ಏನೇನು ನಿಂತುಹೋಗಿದೆ ಎಂಬ ಲೆಕ್ಕ

ಒಂದು ಗಂಟೆ ಬಿಡುವು ಮಾಡಿಕೊಂಡು ಒಂದು ಹಾಳೆಯ ಮೇಲೆ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಧರ್ಮ ನಿಮ್ಮಿಂದ, ನಿಮ್ಮ ಮನೆಯವರಿಂದ ಏನೇನು ಮಾಡಿಸುತ್ತಿತ್ತು ಎಂದು ಬರೆಯಿರಿ. ನಂಬಿಕೆಗಳನ್ನು ಬರೆಯಬೇಡಿ, ಕೆಲಸಗಳನ್ನು ಮಾತ್ರ ಬರೆಯಿರಿ: ಮೌನವಾಗಿ ಕೂರುವುದು, ದಾನ, ಉಪವಾಸ, ಹಾಡು, ಹಿರಿಯರನ್ನು ನೋಡಲು ಹೋಗುವುದು, ಪ್ರಾಯಶ್ಚಿತ್ತ, ಮದುವೆ, ಶವಸಂಸ್ಕಾರ. ಎರಡನೆಯದರಲ್ಲಿ ಆ ಕೆಲಸದಿಂದ ಮನುಷ್ಯರಿಗೆ ಏನು ಸಿಗುತ್ತಿತ್ತು ಎಂದು ಬರೆಯಿರಿ. ಉಪವಾಸ ಸಂಯಮವನ್ನು ಕಲಿಸುತ್ತಿತ್ತೇ, ಅಥವಾ ಬರೀ ಹೆದರಿಕೆಯಿಂದ ನಡೆಯುತ್ತಿತ್ತೇ? ಪ್ರಾಯಶ್ಚಿತ್ತದಿಂದ ನೊಂದವರಿಗೆ ಏನಾದರೂ ತಲುಪುತ್ತಿತ್ತೇ, ಅಥವಾ ಮಾಡಿದವರ ಮನಸ್ಸಷ್ಟೇ ಹಗುರಾಗುತ್ತಿತ್ತೇ? ಮೂರನೆಯ ಕಾಲಂನಲ್ಲಿ ಈಗ ಅದರ ಜಾಗದಲ್ಲಿ ಏನಿದೆ ಎಂದು ಬರೆಯಿರಿ.

ಮೂರನೆಯ ಕಾಲಂ ಬಹಳಷ್ಟು ಖಾಲಿಯೇ ಉಳಿಯುತ್ತದೆ. ಇದರಿಂದ ಕಂಗೆಡಬೇಡಿ, ನೀವು ಮಾಡಬೇಕಾದ ಕೆಲಸದ ಪಟ್ಟಿ ಅದೇ. ಎಲ್ಲವನ್ನೂ ತುಂಬಲೇಬೇಕೆಂದೂ ಇಲ್ಲ. ಹೆದರಿಕೆಯನ್ನಷ್ಟೇ ಹುಟ್ಟಿಸುತ್ತಿದ್ದ ಆಚರಣೆ ಹೋದರೆ ಹೋಗಲಿ.

ನಾಲ್ಕೈದು ಕಟ್ಟುಪಾಡು, ಹೆಚ್ಚು ಬೇಡ

ನಿಮ್ಮ ನಡತೆಗೆ ನೀವೇ ಹಾಕಿಕೊಳ್ಳುವ ಕಟ್ಟುಪಾಡುಗಳನ್ನು ಬರೆದಿಡಿ. ಹದಿಹರೆಯ ದಾಟಿ ಕೆಲವೇ ವರ್ಷಗಳಾಗಿದ್ದಾಗ ಬೆಂಜಮಿನ್ ಫ್ರಾಂಕ್ಲಿನ್ 13 ಸದ್ಗುಣಗಳ ಪಟ್ಟಿ ಮಾಡಿಕೊಂಡಿದ್ದ. ಚಿಕ್ಕ ಪುಸ್ತಕದಲ್ಲಿ ಗೆರೆ ಹಾಕಿ, ತಪ್ಪಿದಾಗಲೆಲ್ಲ ಒಂದು ಕಪ್ಪು ಚುಕ್ಕೆ ಇಡುತ್ತಿದ್ದ. ಆದರೆ ಹದಿಮೂರನ್ನೂ ಒಟ್ಟಿಗೆ ಹಿಡಿಯಲಿಲ್ಲ. ವಾರಕ್ಕೆ ಒಂದೇ ಗುಣದ ಮೇಲೆ ಗಮನವಿಟ್ಟ, ಹೀಗೆ 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ತಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ಹೆಚ್ಚು ದೋಷ ತನ್ನಲ್ಲಿದೆ ಎಂದು ಅವನಿಗೆ ತಿಳಿದದ್ದು ಆ ಚುಕ್ಕೆಗಳಿಂದ. ಅವನಿಂದ ಕಲಿಯಬೇಕಾದದ್ದು ಪಟ್ಟಿಯನ್ನಲ್ಲ, ಒಂದೊಂದಾಗಿ ಹಿಡಿಯುವ ಕ್ರಮವನ್ನು. ಶುರುವಿಗೆ ನಾಲ್ಕೈದು ಸಾಕು.

ಬರೆಯುವಾಗ ಗುಣವಾಚಕ ಬೇಡ, ಕ್ರಿಯಾಪದ ಇರಲಿ. ‘ಪ್ರಾಮಾಣಿಕವಾಗಿರುತ್ತೇನೆ’ ಎಂದು ಬರೆದರೆ ತಪ್ಪಿದ್ದು ಎಂದೂ ಗೊತ್ತಾಗುವುದಿಲ್ಲ. ‘ಕೆಲಸ ತಡವಾದಾಗ ನಿಜವಾದ ಕಾರಣವನ್ನೇ ಹೇಳುತ್ತೇನೆ’ ಎಂದು ಬರೆದರೆ ಸಂಜೆಗೆ ಹೌದೋ ಇಲ್ಲವೋ ಹೇಳಬಹುದು. ‘ಎಲ್ಲರನ್ನೂ ಗೌರವಿಸುತ್ತೇನೆ’ ಎನ್ನುವ ಬದಲು ‘ನನಗಿಂತ ಕೆಳಗಿನ ಹುದ್ದೆಯವರ ಮಾತನ್ನು ಅರ್ಧಕ್ಕೆ ತಡೆಯುವುದಿಲ್ಲ’ ಎಂದು ಬರೆಯಿರಿ. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್‌ವಿಟ್ಸರ್ 1990ರ ದಶಕದಲ್ಲಿ ಅಧ್ಯಯನ ಮಾಡಿ ತೋರಿಸಿದ ಒಂದು ಉಪಾಯ ಇಲ್ಲಿ ನೆರವಿಗೆ ಬರುತ್ತದೆ: ಉದ್ದೇಶವನ್ನು ‘ಹೀಗಾದಾಗ ಹೀಗೆ ಮಾಡುತ್ತೇನೆ’ ಎಂಬ ರೂಪದಲ್ಲಿ ಇಟ್ಟುಕೊಂಡವರು ಅದನ್ನು ಹೆಚ್ಚಾಗಿ ನಡೆಸಿಕೊಡುತ್ತಾರೆ. ‘ಯಾರಾದರೂ ಇಲ್ಲದವರ ಬಗ್ಗೆ ಹಗುರವಾಗಿ ಮಾತೆತ್ತಿದಾಗ, ಅವರು ಇಲ್ಲಿದ್ದಾಗ ಮಾತಾಡೋಣ ಎನ್ನುತ್ತೇನೆ.’ ಮಾತು ಮೊದಲೇ ಸಿದ್ಧವಿದ್ದರೆ ಆ ಹೊತ್ತಿನಲ್ಲಿ ಧೈರ್ಯ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಬರೆದ ಮೇಲೆ ಪ್ರತಿಯೊಂದನ್ನೂ ಎರಡು ಕಡೆಯಿಂದ ತಟ್ಟಿ ನೋಡಿ. ಇದನ್ನು ಎಲ್ಲರೂ ಪಾಲಿಸಿದರೆ ನನಗೆ ಒಪ್ಪಿಗೆಯೇ? ಇದರಲ್ಲಿ ಯಾರು ಬಿಟ್ಟುಹೋಗಿದ್ದಾರೆ? ಎರಡನೆಯ ಪ್ರಶ್ನೆಯನ್ನು ಹಗುರವಾಗಿ ಕಾಣಬೇಡಿ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಕರಡಿನಲ್ಲಿ ಮೊದಲು ‘ಎಲ್ಲ ಪುರುಷರು’ ಎಂಬ ಅರ್ಥವನ್ನೂ ಕೊಡುವ ಪದವಿತ್ತು. ಅದು ‘ಎಲ್ಲ ಮಾನವರು’ ಎಂದಾಗಬೇಕೆಂದು ಪಟ್ಟುಹಿಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಒಂದೇ ಪದ, ಆದರೆ ಅದರಲ್ಲಿ ಅರ್ಧ ಮನುಕುಲ ಒಳಗೆ ಬಂತು. ನಿಮ್ಮ ಹಾಳೆಯಲ್ಲೂ ಇಂಥ ಪದಗಳಿರುತ್ತವೆ. ‘ನಮ್ಮವರು’, ‘ಮನೆಯವರು’, ‘ಯೋಗ್ಯರು’ ಎಂದು ಬರೆದಿದ್ದರೆ ಅಲ್ಲೇ ನಿಂತು ಯೋಚಿಸಿ.

ಗೊಂದಲದಲ್ಲಿ ತೀರ್ಮಾನಿಸುವುದು

ಬರೆದಿಟ್ಟ ಕಟ್ಟುಪಾಡುಗಳು ಒಂದಕ್ಕೊಂದು ಎದುರಾಗುವ ದಿನ ಬರುತ್ತದೆ. ನಿಯಮ ಹೇಳುವ ಗುರುವಿಲ್ಲದ ಕಾರಣ ಇಲ್ಲಿ ಒಂದು ಕ್ರಮ ಬೇಕು. ಒಂದು ಉದಾಹರಣೆ ತೆಗೆದುಕೊಳ್ಳೋಣ. ವಯಸ್ಸಾದ ತಂದೆಗೆ ಗುಣವಾಗದ ಕಾಯಿಲೆ ಇದೆ ಎಂದು ಡಾಕ್ಟರು ಮಗಳಿಗೆ ಹೇಳಿದ್ದಾರೆ. ತಂದೆಗೆ ಗೊತ್ತಿಲ್ಲ. ಹೇಳಿದರೆ ಎದೆಗುಂದುತ್ತಾರೆ, ಹೇಳಬೇಡ ಎನ್ನುತ್ತಿದ್ದಾರೆ ಬಂಧುಗಳು. ಸುಳ್ಳು ಹೇಳುವುದಿಲ್ಲ ಎಂಬುದು ಅವಳ ಒಂದು ಕಟ್ಟುಪಾಡು, ನೋಯಿಸುವುದಿಲ್ಲ ಎಂಬುದು ಇನ್ನೊಂದು.

ಮೊದಲು ಸಂಗತಿಗಳನ್ನು ತಿಳಿದುಕೊಳ್ಳಬೇಕು. ಡಾಕ್ಟರು ಹೇಳಿದ್ದರಲ್ಲಿ ಖಚಿತವಾದದ್ದೆಷ್ಟು, ಅಂದಾಜೆಷ್ಟು? ತಂದೆ ತಾವೇ ತೀರ್ಮಾನಿಸಬೇಕಾದದ್ದು ಏನಾದರೂ ಬಾಕಿ ಇದೆಯೇ, ಅಂದರೆ ಚಿಕಿತ್ಸೆಯ ಆಯ್ಕೆ, ಉಯಿಲು, ನೋಡಬೇಕಾದ ಜನ? ಬೇರೆಯವರ ಕಾಯಿಲೆಯ ಮಾತು ಬಂದಾಗ ಹಿಂದೆ ಅವರೇ ಏನೆಂದಿದ್ದರು? ನೀತಿಯ ಜಗಳ ಎಂದು ಕಾಣುವುದರಲ್ಲಿ ಬಹುಪಾಲು ಸಂಗತಿ ಗೊತ್ತಿಲ್ಲದ ಜಗಳವೇ ಆಗಿರುತ್ತದೆ, ಹೀಗಾಗಿ ಈ ಹೆಜ್ಜೆಗೆ ಹೆಚ್ಚು ಹೊತ್ತು ಕೊಡಿ. ಆದರೆ ಸಂಗತಿ ಎಷ್ಟೇ ಕೂಡಿಸಿದರೂ ಅದೊಂದೇ ಸಾಲದು. ಹೀಗಿದೆ ಎಂಬುದರಿಂದ ಹೀಗಿರಬೇಕು ಎಂಬುದು ನೇರವಾಗಿ ಹುಟ್ಟುವುದಿಲ್ಲ ಎಂದು 18ನೇ ಶತಮಾನದ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಎಚ್ಚರಿಸಿದ್ದ. ಯಾವ ಮೌಲ್ಯ ಪಣಕ್ಕಿದೆ ಎಂದು ಬಾಯಿಬಿಟ್ಟು ಹೇಳಿಕೊಳ್ಳಬೇಕು. ಇಲ್ಲಿ ಎರಡಿವೆ: ತಂದೆಯ ನೆಮ್ಮದಿ, ಮತ್ತು ತನ್ನ ಬದುಕಿನ ಬಗ್ಗೆ ತಾನೇ ತೀರ್ಮಾನಿಸುವ ಅವರ ಹಕ್ಕು.

ಮುಂದೆ, ಈ ತೀರ್ಮಾನದಿಂದ ಯಾರಿಗೆಲ್ಲ ಏನಾಗುತ್ತದೆ ಎಂದು ಒಬ್ಬೊಬ್ಬರ ಹೆಸರಿನ ಮುಂದೆ ಬರೆಯಿರಿ. ಬರೆಯುವಾಗಲೇ ಒಂದು ವಿಷಯ ಹೊಳೆಯಬಹುದು: ಹೇಳಬಾರದು ಎಂದವರಲ್ಲಿ ಕೆಲವರು ತಂದೆಯ ನೋವಿಗಿಂತ ಅವರೆದುರು ಕೂರಬೇಕಾದ ತಮ್ಮ ನೋವಿಗೇ ಹೆಚ್ಚು ಅಂಜಿದ್ದಾರೆ. ಅದು ತಪ್ಪಲ್ಲ, ಆದರೆ ಅದನ್ನು ತಂದೆಯ ಲೆಕ್ಕಕ್ಕೆ ಹಾಕುವಂತಿಲ್ಲ.

ಆಮೇಲೆ, ಯಾವುದನ್ನು ಹಿಂದಕ್ಕೆ ಪಡೆಯಲಾಗದು ಎಂದು ನೋಡಿ. ಹೇಳಿದ ಮಾತನ್ನು ಹೇಳದಂತೆ ಮಾಡಲಾಗದು, ಕಳೆದ ದಿನಗಳೂ ಮರಳಿ ಬರುವುದಿಲ್ಲ. ಎರಡೂ ಕಡೆ ಹೀಗಿದ್ದಾಗ ಮೂರನೆಯ ದಾರಿ ಹುಡುಕಬೇಕು. ಇಲ್ಲಿ ಅದು ಕೇಳುವುದು. ‘ಅಪ್ಪಾ, ರಿಪೋರ್ಟು ಬಂದಿದೆ. ಡಾಕ್ಟರು ಹೇಳಿದ್ದನ್ನೆಲ್ಲ ನಿಮಗೆ ಹೇಳಲಾ, ಇಲ್ಲಾ ನಿಮಗೆ ಬೇಕಾದಷ್ಟು ಮಾತ್ರ ಹೇಳಲಾ?’ ತಿಳಿಯುವ ಹಕ್ಕಿನೊಳಗೆ ತಿಳಿಯದಿರುವ ಹಕ್ಕೂ ಇದೆ, ಆದರೆ ಅದನ್ನು ಚಲಾಯಿಸಬೇಕಾದವರು ಅವರೇ.

ನಿನಗೆ ಬೇಡವಾದದ್ದನ್ನು ಇನ್ನೊಬ್ಬರಿಗೆ ಮಾಡಬೇಡ ಎಂಬ ಹಳೆಯ ಸೂತ್ರ ಕನ್ಫ್ಯೂಶಿಯಸ್‌ನ ಕಾಲದಿಂದಲೂ ಇದೆ, ಅದು ಬಹಳ ದೂರ ಕೈಹಿಡಿದು ನಡೆಸುತ್ತದೆ. ಸೋಲುವುದು ಇಂಥ ಕಡೆಯೇ. ನನಗೆ ತಿಳಿಯಬೇಕು ಎನಿಸುತ್ತದೆ ಎಂದಮಾತ್ರಕ್ಕೆ ಅವರಿಗೂ ಹಾಗೇ ಅನಿಸಬೇಕೆಂದಿಲ್ಲ. ಆದ್ದರಿಂದ ‘ಅವರ ಜಾಗದಲ್ಲಿ ನಾನಿದ್ದರೆ’ ಎಂದು ಊಹಿಸುವುದಕ್ಕಿಂತ, ಕೇಳಲು ಸಾಧ್ಯವಿರುವಾಗ ಅವರನ್ನೇ ಕೇಳಿಬಿಡಿ. ಊಹೆಯನ್ನು ಮಾತು ಬಾರದ ಕೂಸಿಗೆ, ಪ್ರಜ್ಞೆ ತಪ್ಪಿದವರಿಗೆ, ಪ್ರಾಣಿಗಳಿಗೆ, ಇನ್ನೂ ಹುಟ್ಟದವರಿಗೆ ಮೀಸಲಿಡಿ.

ಕೊನೆಗೆ ತೀರ್ಮಾನವನ್ನೂ ಅದಕ್ಕೆ ಕಾರಣವನ್ನೂ ಎರಡು ಸಾಲಿನಲ್ಲಿ ಬರೆದು, ಮತ್ತೆ ಯಾವಾಗ ನೋಡುತ್ತೀರಿ ಎಂದು ತಾರೀಖು ಹಾಕಿ. ಈ ಹೆಜ್ಜೆಯನ್ನು ಎಲ್ಲರೂ ಬಿಡುತ್ತಾರೆ. ಬರೆಯದಿದ್ದರೆ, ಆರು ತಿಂಗಳಾದ ಮೇಲೆ ನಮ್ಮ ನೆನಪು ನಮಗೆ ಅನುಕೂಲವಾದ ಕಾರಣವನ್ನೇ ಕಟ್ಟಿಕೊಡುತ್ತದೆ.

ಈ ಕ್ರಮದ ದೊಡ್ಡ ಅಪಾಯ ಇಷ್ಟೇ: ಬುದ್ಧಿವಂತರು ಬೇಕಾದ ಉತ್ತರಕ್ಕೆ ಕಾರಣ ಹೊಂದಿಸಬಲ್ಲರು. ಆಜ್ಞೆ ಇದ್ದಲ್ಲಿ ಮೀರಿದ್ದು ಕಾಣುತ್ತದೆ, ವಿವೇಚನೆ ಇದ್ದಲ್ಲಿ ಮೀರಿದ್ದು ವಿವೇಚನೆಯಂತೆಯೇ ಕಾಣುತ್ತದೆ. ‘ನನ್ನ ವಿಷಯ ಬೇರೆ’ ಎಂಬ ಮಾತು ಮನಸ್ಸಿಗೆ ಬಂದರೆ ಅದೇ ಗುರುತು. ಆಗ ನಿಮ್ಮ ತೀರ್ಮಾನದಿಂದ ನಷ್ಟ ಅನುಭವಿಸುವವರಿಗೆ ಆ ಕಾರಣವನ್ನು ಎದುರಿಗೇ ಹೇಳಲಾದೀತೇ ಎಂದು ಕೇಳಿಕೊಳ್ಳಿ. ಹೇಳಲು ನಾಲಿಗೆ ಏಳದಿದ್ದರೆ ಕಾರಣದಲ್ಲಿ ಹುಳುಕಿದೆ.

ದಿನದ ಕೊನೆಗೆ ಹತ್ತು ನಿಮಿಷ

ರೋಮಿನ ತತ್ತ್ವಜ್ಞಾನಿ ಸೆನೆಕಾ ರಾತ್ರಿ ದೀಪ ಆರಿಸಿದ ಮೇಲೆ ಇಡೀ ದಿನವನ್ನು ತನ್ನ ಮುಂದೆ ತಂದುಕೊಂಡು ವಿಚಾರಣೆ ಮಾಡುತ್ತಿದ್ದ, ಏನನ್ನೂ ಮರೆಮಾಚದೆ. ಪ್ರಾರ್ಥನೆಯ ಹೊತ್ತು ಖಾಲಿಯಾಗಿರುವವರಿಗೆ ಇದಕ್ಕಿಂತ ಒಳ್ಳೆಯ ಬದಲಿ ನಮಗೆ ಕಂಡಿಲ್ಲ. ಒಂದು ನೋಟ್‌ಬುಕ್, ಹತ್ತು ನಿಮಿಷ, ಮೂರು ಪ್ರಶ್ನೆ: ಇಂದು ಯಾರಿಗೆ ನನ್ನಿಂದ ಒಳ್ಳೆಯದಾಯಿತು? ಯಾರಿಗೆ ತೊಂದರೆಯಾಯಿತು? ನಾಳೆ ಯಾರ ಬಳಿ ಹೋಗಬೇಕು? ಮೂರನೆಯದಕ್ಕೆ ಒಂದು ಹೆಸರು ಬರಬೇಕು. ಹೆಸರು ಬಾರದ ಆತ್ಮಪರೀಕ್ಷೆ ಮೆಲ್ಲಗೆ ಕೊರಗಿಗೆ ತಿರುಗುತ್ತದೆ, ಕೊರಗಿನಿಂದ ಯಾರಿಗೂ ಉಪಕಾರವಿಲ್ಲ. ವಾರಕ್ಕೆ ಐದು ದಿನ ನಡೆದರೆ ಸಾಕು. ತಪ್ಪಿದ ದಿನಗಳನ್ನು ಸರಿದೂಗಿಸಲು ಹೋಗಬೇಡಿ, ಮರುದಿನದಿಂದ ಮುಂದುವರಿಸಿ. ಮೊದಲೇ ಖಿನ್ನತೆಯಿಂದ ಬಳಲುತ್ತಿರುವವರು ಎರಡನೆಯ ಪ್ರಶ್ನೆಯನ್ನು ಸದ್ಯಕ್ಕೆ ಬಿಟ್ಟುಬಿಡಲಿ, ಅವರಿಗೆ ಬೇಕಾದದ್ದು ವೈದ್ಯರ ನೆರವು.

ಕ್ಷಮೆ ಕೇಳುವುದು, ಕೆಡಿಸಿದ್ದನ್ನು ಸರಿಪಡಿಸುವುದು

ಧರ್ಮ ಬಿಟ್ಟ ಮೇಲೆ ಅತಿ ಕಷ್ಟವಾಗುವುದು ಇದು. ದೇವರ ಮುಂದೆ ತಪ್ಪೊಪ್ಪಿಕೊಂಡು ಹಗುರಾಗುವ ದಾರಿ ಮುಚ್ಚಿದೆ. ಈಗ ಉಳಿದಿರುವುದು ನೊಂದವರ ಮನೆಯ ಬಾಗಿಲೊಂದೇ. ನಮ್ಮ ಮಟ್ಟಿಗೆ ಮಾನವತಾವಾದದ ನಿಜವಾದ ಪರೀಕ್ಷೆ ನಡೆಯುವುದು ಇಲ್ಲೇ.

ನಿಮ್ಮ ತಪ್ಪಿಗೆ ಸಹೋದ್ಯೋಗಿಯೊಬ್ಬರು ಬೈಸಿಕೊಂಡರು, ನೀವು ಸುಮ್ಮನಿದ್ದಿರಿ ಎಂದುಕೊಳ್ಳಿ. ‘ನಿಮಗೆ ಬೇಜಾರಾಗಿದ್ದರೆ ಸಾರಿ’ ಎಂಬುದು ಕ್ಷಮೆಯಾಚನೆಯಲ್ಲ, ಅದರಲ್ಲಿ ತಪ್ಪು ಅವರ ಬೇಜಾರಿನದ್ದಾಗಿದೆ. ಸರಿಯಾದ ಮಾತಿನಲ್ಲಿ ಇಷ್ಟು ಇರಬೇಕು. ಮಾಡಿದ್ದೇನು: ‘ಆ ಲೆಕ್ಕ ತಪ್ಪಿದ್ದು ನನ್ನಿಂದ, ಗೊತ್ತಿದ್ದೂ ನಾನು ಬಾಯಿಬಿಡಲಿಲ್ಲ.’ ಅದರಿಂದ ಆದದ್ದೇನು: ‘ಎಲ್ಲರ ಎದುರು ನೀವು ಮಾತು ಕೇಳಬೇಕಾಯಿತು.’ ಸರಿಪಡಿಸಲು ಏನು ಮಾಡಿದ್ದೀರಿ: ‘ಇವತ್ತು ಬೆಳಿಗ್ಗೆ ಮೇಲಿನವರಿಗೆ ನಿಜ ತಿಳಿಸಿದ್ದೇನೆ. ಬೇರೇನಾದರೂ ಮಾಡಬೇಕಿದ್ದರೆ ಹೇಳಿ.’ ಈ ಸಾಲುಗಳ ನಡುವೆ ‘ಆದರೆ’ ಎಂಬ ಪದ ಬರಬಾರದು. ಕಾರಣ ಕೇಳಿದರೆ ಮಾತ್ರ ಕಾರಣ ಹೇಳಿ. ಎಲ್ಲರೆದುರು ಆದ ಅವಮಾನಕ್ಕೆ ಎಲ್ಲರೆದುರೇ ತಿದ್ದುಪಡಿ ಆಗಬೇಕು, ಮೂಲೆಯಲ್ಲಿ ಪಿಸುಗುಟ್ಟಿದರೆ ಸಾಲದು.

ಹಣ, ಹೆಸರು, ಸಮಯ, ವಸ್ತು ಇವುಗಳಲ್ಲಿ ಯಾವುದು ನಷ್ಟವಾಯಿತೋ ಅದನ್ನೇ ಹಿಂದಿರುಗಿಸಲು ನೋಡಿ. ಹೆಸರು ಕೆಡಿಸಿ ಹಣ ಕೊಟ್ಟರೆ ಅದು ಎರಡನೆಯ ಅವಮಾನ. ತಪ್ಪಾದದ್ದು ಗೊತ್ತಾಗಿ ಮೂರು ದಿನದೊಳಗೆ ಹೋಗಿ, ತಡವಾದಷ್ಟೂ ಮನಸ್ಸು ತನ್ನ ಪರವಾಗಿ ವಕೀಲಿ ಶುರುಮಾಡುತ್ತದೆ. ಅವರು ಕ್ಷಮಿಸದಿರಬಹುದು, ಅದು ಅವರ ಹಕ್ಕು. ಪದೇ ಪದೇ ಕೇಳಿ ಕಾಡಿದರೆ ನಿಮ್ಮ ನೆಮ್ಮದಿಗಾಗಿ ಅವರನ್ನು ಮತ್ತೆ ಬಳಸಿಕೊಂಡಂತಾಗುತ್ತದೆ. ನಿಮ್ಮನ್ನು ಕಂಡರೇ ಅವರಿಗೆ ಭಯವಾಗುವಂಥ ಹಳೆಯ ಅನ್ಯಾಯವಾಗಿದ್ದರೆ ಎದುರಿಗೆ ಹೋಗಲೇಬೇಡಿ. ಕೊಡಬೇಕಾದದ್ದನ್ನು ಬೇರೆಯವರ ಮೂಲಕ ತಲುಪಿಸಿ ದೂರವಿರಿ. ಸತ್ತವರಲ್ಲಿ ಕ್ಷಮೆ ಕೇಳಲಾಗದು. ಅಂಥ ಸಂದರ್ಭದಲ್ಲಿ ಅದೇ ತೆರನ ನಷ್ಟ ಅನುಭವಿಸುತ್ತಿರುವ ಬದುಕಿರುವವರಿಗೆ ನೆರವಾಗುವುದೊಂದೇ ನಮಗೆ ಗೊತ್ತಿರುವ ದಾರಿ.

ಬಿಡುವು, ಹಣ, ಕೈ

ಪರೋಪಕಾರ ಒಳ್ಳೆಯ ಮನಸ್ಸಿನಿಂದ ಹುಟ್ಟುತ್ತದೆ ಎಂದು ನಂಬಿದ್ದೇವೆ. 1973ರಲ್ಲಿ ಮನಶ್ಶಾಸ್ತ್ರಜ್ಞರಾದ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಪ್ರಕಟಿಸಿದ ಪ್ರಯೋಗ ಈ ನಂಬಿಕೆಯನ್ನು ಅಲುಗಿಸುತ್ತದೆ. ಪ್ರಿನ್ಸ್‌ಟನ್‌ನ ದೈವಶಾಸ್ತ್ರದ 40 ವಿದ್ಯಾರ್ಥಿಗಳನ್ನು ಭಾಷಣ ಮಾಡಲು ಇನ್ನೊಂದು ಕಟ್ಟಡಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಕುಸಿದು ಕೂತು ಕೆಮ್ಮುತ್ತ ನರಳುತ್ತಿದ್ದ. ಅವಸರವಿಲ್ಲದವರಲ್ಲಿ ಶೇ. 63, ಸ್ವಲ್ಪ ಅವಸರದಲ್ಲಿದ್ದವರಲ್ಲಿ ಶೇ. 45, ತುಂಬ ಅವಸರದಲ್ಲಿದ್ದವರಲ್ಲಿ ಕೇವಲ ಶೇ. 10 ಮಂದಿ ನೆರವಿಗೆ ನಿಂತರು. ಕೆಲವರು ಮಾಡಲಿದ್ದ ಭಾಷಣದ ವಿಷಯ ದಾರಿಯಲ್ಲಿ ಬಿದ್ದವನಿಗೆ ನೆರವಾದವನ ಕಥೆಯೇ ಆಗಿತ್ತು. ಅದರಿಂದಲೂ ಹೇಳಿಕೊಳ್ಳುವಂಥ ವ್ಯತ್ಯಾಸವಾಗಲಿಲ್ಲ. ಪ್ರಯೋಗ ಚಿಕ್ಕದು, ಆದರೆ ಅದರಿಂದ ಹೊರಡುವ ಕೆಲಸ ಸ್ಪಷ್ಟ: ದಿನದಲ್ಲಿ ಬಿಡುವು ಇಟ್ಟುಕೊಳ್ಳಿ. ಎಲ್ಲಿಗೇ ಹೋಗುವುದಿದ್ದರೂ 15 ನಿಮಿಷ ಮುಂಚೆ ಹೊರಡಿ. ಒಂದು ಕೆಲಸಕ್ಕೆ ಇನ್ನೊಂದು ಕೆಲಸ ತಾಗುವಂತೆ ದಿನವನ್ನು ಕಿಕ್ಕಿರಿಸಿದವರಿಗೆ ಕರುಣೆಗೆ ನಿಲ್ಲಲೂ ಜಾಗವಿರುವುದಿಲ್ಲ.

ಇನ್ನೊಂದು ಅಡ್ಡಿ ಗುಂಪು. 1968ರಲ್ಲಿ ಡಾರ್ಲಿ ಮತ್ತು ಬಿಬ್ ಲಟಾನೆ ನಡೆಸಿದ ಪ್ರಯೋಗದಲ್ಲಿ, ಯಾರಿಗೋ ಫಿಟ್ಸ್ ಬಂದದ್ದನ್ನು ಕೇಳಿಸಿಕೊಳ್ಳುತ್ತಿರುವವರು ತಾವೊಬ್ಬರೇ ಎಂದುಕೊಂಡವರಲ್ಲಿ ಶೇ. 85 ಮಂದಿ ಅದು ಮುಗಿಯುವ ಮೊದಲೇ ಎದ್ದು ತಿಳಿಸಿದರು. ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದುಕೊಂಡವರಲ್ಲಿ ಶೇ. 31 ಮಾತ್ರ. ಅಪಘಾತದ ಜಾಗದಲ್ಲಿ ‘ಯಾರಾದರೂ ಫೋನ್ ಮಾಡಿ’ ಎಂದು ಕೂಗಬೇಡಿ. ಒಬ್ಬರತ್ತ ಕೈ ತೋರಿಸಿ ‘ನೀಲಿ ಅಂಗಿಯವರೇ, ನೀವು ಆಂಬುಲೆನ್ಸಿಗೆ ಫೋನ್ ಮಾಡಿ, ಮಾಡಿ ನನಗೆ ಹೇಳಿ’ ಎನ್ನಿ. ಪ್ರಥಮ ಚಿಕಿತ್ಸೆಯ ತರಬೇತಿ ಪಡೆಯಿರಿ. ಏನು ಮಾಡಬೇಕೆಂದು ಗೊತ್ತಿದ್ದವರ ಕಾಲು ಬೇಗ ಮುಂದೆ ಹೋಗುತ್ತದೆ.

ಹಣದ ವಿಷಯದಲ್ಲಿ ಮನಸ್ಸು ಕರಗಿದಾಗ ಕೊಡುವ ಪದ್ಧತಿ ಬೇಡ. ಸಂಬಳದ ದಿನವೇ ಗಳಿಕೆಯ ಶೇ. 1 ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಏರ್ಪಾಡು ಮಾಡಿ. ಸಾಲದಲ್ಲಿದ್ದರೆ ಹಣ ಬಿಟ್ಟು ತಿಂಗಳಿಗೆ ನಾಲ್ಕು ಗಂಟೆ ದುಡಿಮೆ ಕೊಡಿ. ಕೊಡುವ ಸಂಸ್ಥೆಯ ವಾರ್ಷಿಕ ಲೆಕ್ಕಪತ್ರ ಓದಿ, ಏನು ಮಾಡಿದೆವು ಎನ್ನುವುದರ ಜೊತೆಗೆ ಏನು ಬದಲಾಯಿತು ಎಂದೂ ಹೇಳುವವರನ್ನು ಆರಿಸಿ.

ಜೊತೆಗಾರರು

ಒಂಟಿಯಾಗಿ ಈ ಅಭ್ಯಾಸಗಳು ವರ್ಷ ದಾಟುವುದು ಅಪರೂಪ. ಫೀಲಿಕ್ಸ್ ಆಡ್ಲರ್ 1876ರಲ್ಲಿ ನ್ಯೂಯಾರ್ಕಿನಲ್ಲಿ ನೈತಿಕ ಸಂಸ್ಕೃತಿಯ ಸಂಘವನ್ನು ಕಟ್ಟಿದಾಗ, ನಂಬಿಕೆಯ ವಿಷಯ ಅವರವರಿಗೆ ಬಿಟ್ಟಿದ್ದು, ಮಾಡುವ ಕೆಲಸದಲ್ಲಿ ಒಂದಾಗೋಣ ಎಂದ. ಕೆಲವೇ ವರ್ಷಗಳಲ್ಲಿ ಅವರು ಬಡ ಮಕ್ಕಳಿಗೆ ಉಚಿತ ಶಿಶುವಿಹಾರವನ್ನೂ ರೋಗಿಗಳ ಮನೆಗೇ ಹೋಗುವ ದಾದಿಯರ ಸೇವೆಯನ್ನೂ ನಡೆಸುತ್ತಿದ್ದರು. ನಿಮ್ಮ ಗುಂಪಿಗೂ ಇದೇ ಕ್ರಮ ಒಪ್ಪುತ್ತದೆ: ಮೊದಲು ಕೆಲಸ, ಆಮೇಲೆ ಚರ್ಚೆ. ಆರರಿಂದ ಹನ್ನೆರಡು ಜನ, ತಿಂಗಳಿಗೊಮ್ಮೆ, ಗೊತ್ತಾದ ದಿನ, ಎರಡು ಗಂಟೆ. ಮೊದಲ ಒಂದು ಗಂಟೆ ಕೈಯಿಂದ ಮಾಡುವ ಕೆಲಸ ಇರಲಿ, ಮುಂದಿನ 40 ನಿಮಿಷ ಒಂದೇ ಪ್ರಶ್ನೆಯ ಮಾತುಕತೆ, ಕೊನೆಯ 20 ನಿಮಿಷ ಗುಂಪಿನಲ್ಲಿ ಯಾರಿಗೆ ಏನು ನೆರವು ಬೇಕು ಎಂದು ಕೇಳುವುದು. ಈ ಕೊನೆಯ ಭಾಗವನ್ನು ಬಿಟ್ಟ ಗುಂಪು ಬರೀ ಚರ್ಚಾಕೂಟವಾಗುತ್ತದೆ.

ಇಂಥ ಗುಂಪುಗಳು ಹಾಳಾಗುವುದು ಎರಡು ಬಗೆಯಲ್ಲಿ. ಒಬ್ಬ ಮಾತುಗಾರ ಗುರುವಾಗಿಬಿಡುತ್ತಾನೆ; ಇದಕ್ಕೆ ಮದ್ದು, ನಡೆಸಿಕೊಡುವವರು ಪ್ರತಿ ತಿಂಗಳು ಬದಲಾಗುವುದು. ಅಥವಾ ಆಸ್ತಿಕರನ್ನು ಅಣಕಿಸುವುದೇ ಕಾರ್ಯಕ್ರಮವಾಗುತ್ತದೆ. ಅಣಕದಿಂದ ಸಿಗುವ ಒಗ್ಗಟ್ಟು ಬಹಳ ಸಿಹಿ, ಹಾಗಾಗಿಯೇ ಅಪಾಯ. ಎರಡು ಭೇಟಿಯಲ್ಲಿ ಇದೇ ನಡೆದರೆ ಮೂರನೆಯದನ್ನು ಪೂರ್ತಿ ಕೆಲಸಕ್ಕೇ ಮೀಸಲಿಡಿ.

ಹುಟ್ಟು, ಮದುವೆ, ಸಾವು

ಪುರೋಹಿತರಿಲ್ಲದ ಆಚರಣೆಗಳಿಗೆ ಈಗ ಸಾಕಷ್ಟು ಅನುಭವ ಕೂಡಿದೆ. ನಾರ್ವೆಯಲ್ಲಿ 1951ರಿಂದ ಹದಿಹರೆಯದವರಿಗೆ ಚರ್ಚಿನ ಹೊರಗೆ ದೀಕ್ಷಾ ಸಮಾರಂಭ ನಡೆಯುತ್ತಿದೆ, ಅದಕ್ಕೂ ಮೊದಲು ಅವರಿಗೆ ನೀತಿ, ಹಕ್ಕು, ಹೊಣೆಗಾರಿಕೆಯ ಪಾಠವಿರುತ್ತದೆ. ಸ್ಕಾಟ್‌ಲ್ಯಾಂಡಿನಲ್ಲಿ 2005ರಿಂದ ಮಾನವತಾವಾದಿ ಮದುವೆಗೆ ಕಾನೂನಿನ ಮಾನ್ಯತೆ ಇದೆ. ಮಾನ್ಯತೆ ಇಲ್ಲದ ಕಡೆ ನೋಂದಣಿಯನ್ನು ಬೇರೆ ದಿನ ಮುಗಿಸಿ, ಸಮಾರಂಭವನ್ನು ನಿಮ್ಮಿಷ್ಟದಂತೆ ಮಾಡಿಕೊಳ್ಳಬಹುದು. ಮದುವೆಗೂ ನಾಮಕರಣಕ್ಕೂ ಸಿದ್ಧತೆಗೆ ಸಮಯ ಸಿಗುತ್ತದೆ. ಸಾವಿಗೆ ಸಿಗುವುದಿಲ್ಲ. ಆದ್ದರಿಂದ ಅದರ ಕ್ರಮವನ್ನು ಈಗಲೇ ಬರೆದಿಡಿ.

35ರಿಂದ 40 ನಿಮಿಷ ಸಾಕು. ನಡೆಸಿಕೊಡುವವರು ಅತಿ ಹತ್ತಿರದ ಬಂಧು ಆಗಿರಬಾರದು, ಅವರಿಗೆ ಅಳಲು ಸ್ವಾತಂತ್ರ್ಯ ಬೇಕು. ಮೊದಲು ಸೇರಿದವರಿಗೆ ಎರಡು ನಿಮಿಷದ ಸ್ವಾಗತ, ಇದು ಧಾರ್ಮಿಕವಲ್ಲದ ಸಭೆ ಏಕೆಂದು ಒಂದೇ ವಾಕ್ಯ. ಆಮೇಲೆ ಹತ್ತು ನಿಮಿಷ ಅವರ ಬದುಕಿನ ಚಿತ್ರ. ಇದಕ್ಕಾಗಿ ಮನೆಯವರೊಂದಿಗೆ ಹಿಂದಿನ ದಿನ ಕನಿಷ್ಠ ಒಂದು ಗಂಟೆ ಕೂತು ಕೇಳಿ ಬರೆದುಕೊಳ್ಳಬೇಕು: ಬೆಳಿಗ್ಗೆ ಎದ್ದು ಮೊದಲು ಏನು ಮಾಡುತ್ತಿದ್ದರು, ಯಾವ ಮಾತನ್ನು ಪದೇ ಪದೇ ಆಡುತ್ತಿದ್ದರು, ಕೈಗೆ ಯಾವ ಕೆಲಸ ಒಗ್ಗಿತ್ತು. ಮುಂದೆ ಮೂವರು ತಲಾ ನಾಲ್ಕು ನಿಮಿಷ ಮಾತಾಡಲಿ, ಬರೆದುಕೊಂಡು ಬಂದು ಓದಲಿ. ಅವರಿಗೆ ಇಷ್ಟವಾದ ಒಂದು ಸಂಗೀತ. ಎರಡು ನಿಮಿಷ ಮೌನ. ಆಗ ಆಸ್ತಿಕರು ಬೇಕಾದರೆ ತಮ್ಮಷ್ಟಕ್ಕೆ ಪ್ರಾರ್ಥಿಸಬಹುದು ಎಂದು ಹೇಳಿ. ಬಳಿಕ ದೇಹಕ್ಕೆ ವಿದಾಯದ ಒಂದೆರಡು ವಾಕ್ಯ, ಆಗ ಎಲ್ಲರೂ ಎದ್ದು ನಿಲ್ಲಲಿ. ಎದ್ದು ನಿಲ್ಲುವಂಥ ಒಂದು ದೈಹಿಕ ಕ್ರಿಯೆ ಇಲ್ಲದಿದ್ದರೆ ಸಭೆ ಮುಗಿದಂತೆಯೇ ಅನಿಸುವುದಿಲ್ಲ.

ಕೆಡುವುದೆಲ್ಲಿ? ಸತ್ತವರನ್ನು ಸಂತರನ್ನಾಗಿ ಮಾಡಿದಾಗ. ಅವರಿಂದ ನೊಂದವರು ಅದೇ ಸಭೆಯಲ್ಲಿ ಕೂತಿರುತ್ತಾರೆ. ‘ಅವರೊಂದಿಗೆ ಬಾಳುವುದು ಸುಲಭವಾಗಿರಲಿಲ್ಲ’ ಎಂಬ ಒಂದು ಸಾಲು ಎಷ್ಟೋ ಜನರ ಎದೆಯ ಭಾರ ಇಳಿಸುತ್ತದೆ. ಸಭೆಯನ್ನು ಧರ್ಮಟೀಕೆಗೆ ಬಳಸಿಕೊಂಡಾಗಲಂತೂ ಎಲ್ಲವೂ ಕೆಡುತ್ತದೆ. ನಿಮ್ಮ ಸಾವಿಗೆ ಏನಾಗಬೇಕು ಎಂದು, ದೇಹದಾನ ಅಂಗಾಂಗದಾನದ ಇಷ್ಟವನ್ನೂ ಸೇರಿಸಿ, ಬರೆದು ಸಹಿ ಹಾಕಿ ಇಬ್ಬರ ಕೈಯಲ್ಲಿ ಇಡಿ. ಬರೆದಿಡದಿದ್ದರೆ ದುಃಖದಲ್ಲಿರುವ ಮನೆಯವರ ಮೇಲೆ ಜಗಳವನ್ನೂ ಹೇರಿದಂತಾಗುತ್ತದೆ.

ಮಕ್ಕಳು ಮತ್ತು ನಂಬುವ ಮನೆಯವರು

ಮಕ್ಕಳಿಗೆ ಸಾವಿನ ಬಗ್ಗೆ ‘ಮಲಗಿದ್ದಾರೆ’, ‘ದೂರ ಹೋಗಿದ್ದಾರೆ’ ಎನ್ನಬೇಡಿ. ಚಿಕ್ಕವರು ಮಾತನ್ನು ಹಾಗೇ ನಂಬಿ ಮಲಗಲು ಹೆದರುತ್ತಾರೆ, ಇಲ್ಲವೇ ಬರುವುದನ್ನೇ ಕಾಯುತ್ತಾರೆ. ‘ಅಜ್ಜಿಯ ದೇಹ ಕೆಲಸ ನಿಲ್ಲಿಸಿತು. ಅವರಿಗೆ ಈಗ ನೋವಿಲ್ಲ, ಹಸಿವಿಲ್ಲ. ಅವರು ಮತ್ತೆ ಬರುವುದಿಲ್ಲ. ನಮಗೆ ಅವರ ನೆನಪು ಇರುತ್ತದೆ’ ಎಂದು ನಿಧಾನವಾಗಿ ಹೇಳಿ, ಮತ್ತೆ ಮತ್ತೆ ಕೇಳಿದರೆ ಮತ್ತೆ ಮತ್ತೆ ಅದನ್ನೇ ಹೇಳಿ. ನಿಮ್ಮ ನಾಸ್ತಿಕತೆಯನ್ನು ಉರುಹೊಡೆಸುವುದೂ ಬೇಡ. ‘ನನಗೆ ಹೀಗನಿಸುತ್ತದೆ, ಇಂಥ ಕಾರಣಕ್ಕೆ. ಮಾಮನಿಗೆ ಬೇರೆ ಅನಿಸುತ್ತದೆ, ಅವನನ್ನೂ ಕೇಳು’ ಎನ್ನುವ ಮನೆಯಲ್ಲಿ ಬೆಳೆದ ಮಗು ಕಾರಣ ಕೇಳುವುದನ್ನು ಕಲಿಯುತ್ತದೆ.

ನಂಬುವವರ ಜೊತೆ ಬಾಳುವಾಗ ಎಲ್ಲಿ ಪಾಲ್ಗೊಳ್ಳುತ್ತೀರಿ, ಎಲ್ಲಿ ಇಲ್ಲ ಎಂದು ಹಬ್ಬದ ದಿನ ಬೆಳಿಗ್ಗೆ ಹೇಳಬೇಡಿ, ವಾರ ಮೊದಲೇ ತಿಳಿಸಿ. ಜೊತೆಗೆ ಕೂರುವುದು, ಅಡುಗೆಗೆ ಕೈಜೋಡಿಸುವುದು, ಹಿರಿಯರನ್ನು ಕರೆದೊಯ್ಯುವುದು ಮನುಷ್ಯರಿಗಾಗಿ ಮಾಡುವ ಕೆಲಸಗಳು. ನಂಬಿದ್ದೇನೆ ಎಂದು ನಟಿಸುವುದು ಬೇರೆ. ಯಾರನ್ನಾದರೂ ಕೀಳಾಗಿ ಕಾಣುವ ಆಚರಣೆಯಾದರೆ ಅದರಿಂದ ಎದ್ದು ಬನ್ನಿ, ಕಾರಣವನ್ನು ಆಮೇಲೆ ಒಬ್ಬರೇ ಇರುವಾಗ ಹೇಳಿ. 1948ರ ಮಾನವ ಹಕ್ಕುಗಳ ಘೋಷಣೆಯ 18ನೇ ವಿಧಿ ಧರ್ಮವನ್ನು ಬದಲಿಸುವ ಹಕ್ಕನ್ನೂ ಆಚರಿಸುವ ಹಕ್ಕನ್ನೂ ಒಂದೇ ಉಸಿರಿನಲ್ಲಿ ಕೊಟ್ಟಿದೆ. ಬಿಡುವ ನಿಮ್ಮ ಸ್ವಾತಂತ್ರ್ಯ, ಹಿಡಿದಿರುವ ಅವರ ಸ್ವಾತಂತ್ರ್ಯ ಎರಡೂ ಅಲ್ಲಿ ಸೇರಿವೆ. ಧರ್ಮ ಬಿಟ್ಟಿದ್ದು ತಿಳಿದರೆ ಜೀವಕ್ಕೋ ನೆಲೆಗೋ ಅಪಾಯವಿರುವವರು ಸುಮ್ಮನಿರುವುದು ಹೇಡಿತನವಲ್ಲ. ಮೊದಲು ದುಡಿಮೆ, ಇರಲು ಜಾಗ, ನಂಬಿಗಸ್ತ ಗೆಳೆಯರು, ಆಮೇಲೆ ಮಾತು.

ವರ್ಷಕ್ಕೊಮ್ಮೆ ಅರ್ಧ ದಿನ

ಒಂದು ದಿನ ಗೊತ್ತುಮಾಡಿಕೊಳ್ಳಿ; ಹಲವರು ವಿಶ್ವ ಮಾನವತಾವಾದಿ ದಿನವಾದ ಜೂನ್ 21ನ್ನು ಆರಿಸಿಕೊಳ್ಳುತ್ತಾರೆ. ಕಟ್ಟುಪಾಡಿನ ಹಾಳೆ, ತೀರ್ಮಾನಗಳ ಟಿಪ್ಪಣಿ, ಕೊಟ್ಟ ಹಣದ ಲೆಕ್ಕ ಮೂರನ್ನೂ ಮುಂದಿಟ್ಟುಕೊಳ್ಳಿ. ಒಮ್ಮೆಯೂ ಕಷ್ಟಕೊಡದ ಕಟ್ಟುಪಾಡನ್ನು ತೆಗೆದುಹಾಕಿ, ಅದು ನಿಮ್ಮ ಸ್ವಭಾವವೇ ಆಗಿರಬೇಕು ಅಥವಾ ಬರೀ ಮಾತಾಗಿರಬೇಕು. ಸದಾ ಮುರಿಯುತ್ತಿದ್ದದ್ದನ್ನು ಚಿಕ್ಕದು ಮಾಡಿ. ನಿಮ್ಮ ಜೊತೆ ಒಂದೇ ಸೂರಿನಡಿ ಇರುವವರಲ್ಲಿ ಒಬ್ಬರನ್ನು ಕೂರಿಸಿ, ಈ ವರ್ಷ ನನ್ನ ಯಾವ ನಡತೆಯಿಂದ ನಿಮಗೆ ಹೆಚ್ಚು ಕಷ್ಟವಾಯಿತು ಎಂದು ಕೇಳಿ. ಅವರು ಹೇಳುವಾಗ ಬರೆದುಕೊಳ್ಳಿ, ಸಮಜಾಯಿಷಿ ಕೊಡಬೇಡಿ. ಹೊಸ ವರ್ಷದ ಮೊದಲ ಕಟ್ಟುಪಾಡು ಬಹುಮಟ್ಟಿಗೆ ಆ ಉತ್ತರದಿಂದಲೇ ಬರುತ್ತದೆ. ಹಳೆಯ ಹಾಳೆಯನ್ನು ಹರಿಯಬೇಡಿ, ತಾರೀಖು ಹಾಕಿ ಹೊಸದರ ಕೆಳಗೆ ಇಡಿ.